ಅವ್ವನ ಪಾಳಿ

ಗಜೇಂದ್ರಗಡದ ಆ ಮನೆಯನ್ನು ನಾನು ಕಣ್ಣು ಮುಚ್ಚಿಕೊಂಡೇ ನೋಡಬೇಕು. ಕಣ್ಣು ತೆರೆದು ನೆನೆಸಿಕೊಂಡರೆ ಎರಡು ಖೋಲಿ, ಒಂದು ಪಡಸಾಲೆ, ಮಳೆಗಾಲದಲ್ಲಿ ಸೋರುವ ಮಣ್ಣಿನ ಮಾಳಿಗೆ, ಇಷ್ಟೇ ಕಾಣುತ್ತದೆ. ಬಡವರ ಮನೆ ಎಂಬ ಒಂದೇ ಮಾತಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ಕಣ್ಣು ಮುಚ್ಚಿದರೆ ಮಾತ್ರ ಅದು ನಿಧಾನವಾಗಿ ಎದ್ದು ಬರುತ್ತದೆ. ಮೊದಲು ಸದ್ದು. ಪಡಸಾಲೆಯ ಅರ್ಧವನ್ನು ನುಂಗಿ ಕೂತಿದ್ದ ಕುಣಿಮಗ್ಗದ ಸದ್ದು ಅದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದ. ಹಗ್ಗ ಜಗ್ಗಿದರೆ ಲಾಳಿ ಆ ಅಂಚಿನಿಂದ ಈ ಅಂಚಿಗೆ ಓಡಿ ಬರುತ್ತಿತ್ತು. ಸದ್ದಿನ ಹಿಂದೆಯೇ ಬೆಳಕು ಬರುತ್ತದೆ. ಮಾಳಿಗೆಯ ಬೆಳಕಿಂಡಿಯಿಂದ ಮಧ್ಯಾಹ್ನದ ಬಿಸಿಲು ಕೋಲಿನಂತೆ ಇಳಿದು ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಬೀಳುತ್ತಿತ್ತು. ನಾನೂ ನನ್ನ ತಂಗಿ ಮಾರ್ತಿಯೂ ಆ ಎಳೆಗಳ ಕೆಳಗೆ ಅಂಗಾತ ಮಲಗುತ್ತಿದ್ದೆವು. ಕೆಂಪು ಹಾಸು ಇದ್ದ ವಾರ ನಮ್ಮ ಕೈಕಾಲೆಲ್ಲ ಕೆಂಪಗೆ ಕಾಣುತ್ತಿದ್ದವು, ಹಸಿರು ಹಾಸಿನ ವಾರ ಹಸಿರು. ಹತ್ತಿಯ ಧೂಳು ಬಿಸಿಲಿನಲ್ಲಿ ತೇಲುತ್ತ, ಎಲ್ಲಿಗೂ ಹೋಗದೆ, ಎಲ್ಲಿಯೂ ನಿಲ್ಲದೆ ಇರುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ನಮಗೆ ನಿದ್ದೆ ಹತ್ತುತ್ತಿತ್ತು.

ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ದೇವರಿಗೆ ಒಂದು ಜಾಗ ಇತ್ತು. ಹಿಂದಿನ ಮನೆಯ ಗೆಳತಿ ದೇವರ ಜಗುಲಿ ತೋರಿಸಿ ‘ನಮ್ಮ ದೇವರು ಇಲ್ಲಿ ಅದಾನ’ ಎನ್ನುತ್ತಿದ್ದಳು. ಪಕ್ಕದ ಮನೆಯ ಖಾಜಾಬಿ ಚಿಗವ್ವ ಬಳೆ ಮಾರಿಕೊಂಡು ಬಂದು ಕೈಕಾಲು ತೊಳೆದು ಚಾಪೆ ಹಾಸಿದಳೆಂದರೆ, ಆ ಚಾಪೆಯೇ ಜಾಗ. ನಮ್ಮ ಮನೆಯಲ್ಲಿ ಅಂಥದ್ದು ಏನೂ ಇರಲಿಲ್ಲ. ಗೋಡೆಯ ಮಾಡದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಸತ್ಯವೇದ, ನಮ್ಮ ಬೈಬಲ್ಲು, ಒಂದಿತ್ತು. ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತಿತ್ತು. ಒಮ್ಮೆ ಆಯಿಯನ್ನು, ಅಂದರೆ ಅಪ್ಪನ ಅವ್ವನನ್ನು, ಕೇಳಿಯೂ ಬಿಟ್ಟೆ.

"ಆಯಿ, ನಮ್ಮ ದೇವರು ಮನ್ಯಾಗ ಎಲ್ಲಿರ್ತಾನ?"

"ಈಗೇನು ಒಲಿ ಮುಂದ ಅದಾನ. ನಾ ಉಪ್ಪ ಹಾಕೇನೋ ಇಲ್ಲೋ ಅಂತ ಕೇಳಾಕತ್ತಿದ್ದೆ. ನೀ ನಡಕ ಬಂದು ಬಾಯಿ ಹಾಕಿದಿ."

ಆಯಿ ತಮಾಷೆ ಮಾಡುತ್ತಿದ್ದಾಳೆ ಎಂದು ನಾನು ತಿಳಿದೆ. ತಮಾಷೆಯಲ್ಲ. ಆಕೆ ಹಾಗೆಯೇ ಬದುಕಿದ್ದಳು. ಮಣಕಾಲು ಹಿಡಿದುಕೊಂಡರೆ ದೇವರನ್ನು ಬೈಯುವಳು, ಬೇಳೆ ಬೇಗ ಬೆಂದರೆ ಅವನಿಗೆ ಶಹಬ್ಬಾಸ್ ಹೇಳುವಳು. ದೇವರು ಅವಳಿಗೆ ಹಿರಿಯ ಅಣ್ಣನೋ ಕಿರಿಯ ಮೈದುನನೋ, ಒಟ್ಟಿನಲ್ಲಿ ಮನೆಯೊಳಗೆ ಓಡಾಡಿಕೊಂಡಿದ್ದ ಒಬ್ಬ ಗಂಡಸು.

ಅವನ ಜೊತೆ ಎಲ್ಲರೂ ಸರತಿಯ ಮೇಲೆ ಮಾತಾಡುವ ಹೊತ್ತು ಸಂಜೆ. ಅದನ್ನು ನಾವು ಪಾಳಿ ಎನ್ನುತ್ತಿದ್ದೆವು. ಹೊತ್ತು ಮುಳುಗುವ ಮುಂದೆ ಅಪ್ಪ ಮಗ್ಗ ನಿಲ್ಲಿಸಿ ಕುಣಿಯಿಂದ ಮೇಲೆ ಬರುತ್ತಿದ್ದ. ಸದ್ದು ನಿಂತ ಕೂಡಲೇ ಮನೆ ದೊಡ್ಡದಾದಂತೆ ಅನ್ನಿಸುತ್ತಿತ್ತು. ಅವನು ಕಾಲು ತೊಳೆದು ಬರುವುದರೊಳಗೆ ಅವ್ವ ಅಡುಗೆ ಖೋಲಿಯಲ್ಲಿ ಚಾಪೆ ಹಾಸಿ, ತಾಟು ಇಟ್ಟು, ರೊಟ್ಟಿಯ ಬುಟ್ಟಿಗೆ ಅರಿವೆ ಮುಚ್ಚಿರುತ್ತಿದ್ದಳು. ಎಲ್ಲರೂ ಬುಟ್ಟಿಯ ಸುತ್ತ ಕೂರಬೇಕು. ಎಲ್ಲರಿಗಿಂತ ಸಣ್ಣವರು ಮೊದಲು, ಹಿರಿಯರು ಕೊನೆಗೆ. ಮೊದಲು ಮಾರ್ತಿ, ಆಮೇಲೆ ನಾನು, ಅವ್ವ, ಅಪ್ಪ, ಕಟ್ಟಕಡೆಗೆ ಆಯಿ. ಪ್ರತಿಯೊಬ್ಬರೂ ಬಾಯಿಬಿಟ್ಟು ತಮ್ಮ ಮಾತಿನಲ್ಲಿ ಪ್ರಾರ್ಥನೆ ಮಾಡಬೇಕು. ದೇವರ ಕೂಡ ಮಾತಾಡದವರಿಗೆ ರೊಟ್ಟಿ ಇಲ್ಲ. ಈ ನೇಮ ಮಾಡಿದವನು ನನ್ನ ಮುತ್ಯಾ, ಆಯಿಯ ಗಂಡ. ಉಂಡು ಕೈತೊಳೆದು ಬಸ್ ಸ್ಟ್ಯಾಂಡಿನ ಕಡೆ ಓಡಿಹೋಗುತ್ತಿದ್ದ ತನ್ನ ಗಂಡುಮಕ್ಕಳನ್ನು ಹಿಡಿದು ಕೂರಿಸಲು ಅವನು ಮಾಡಿದ ಉಪಾಯ ಅದು. ಮುತ್ಯಾ ಹೋಗಿ ಎಷ್ಟೋ ವರ್ಷವಾಗಿತ್ತು, ನೇಮ ಮಾತ್ರ ಮನೆಯ ಕಂಬದ ಹಾಗೆ ನಿಂತಿತ್ತು.

ಒಬ್ಬೊಬ್ಬರದು ಒಂದೊಂದು ರೀತಿ. ಮಾರ್ತಿ ‘ಯೇಸುಸ್ವಾಮಿ, ರೊಟ್ಟಿ, ಆಮೆನ್’ ಎಂದು ಮುಗಿಸುತ್ತಿದ್ದಳು. ನಾನು ಭಾನುವಾರದ ಪಾಠದಲ್ಲಿ ಕಲಿಸಿದ್ದನ್ನು ಗಿಳಿಯಂತೆ ಒಪ್ಪಿಸುತ್ತಿದ್ದೆ. ಖರೇ ಹೇಳಬೇಕೆಂದರೆ ನನ್ನ ಆ ಮಾತುಗಳನ್ನು ಯಾರಾದರೂ ಕೇಳುತ್ತಿದ್ದಾರೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಶಾಲೆಯಲ್ಲಿ ಮಗ್ಗಿ ಹೇಳಿದಂತೆಯೇ ಅದೂ. ಅಪ್ಪನದು ಗ್ರಂಥದ ಭಾಷೆ. ಮಗ್ಗದ ಮೇಲೆ ‘ಲಗೂ ಎಳಿ ತಾ’ ಎಂದು ಕೂಗುವ ಮನುಷ್ಯ ಪ್ರಾರ್ಥನೆಗೆ ಕೂತನೆಂದರೆ ‘ಕೃಪಾಪೂರ್ಣನಾದ ಪರಲೋಕದ ತಂದೆಯೇ, ನಿನ್ನ ಪರಿಶುದ್ಧ ಪಾದಸನ್ನಿಧಿಯಲ್ಲಿ’ ಎಂದು ಶುರುಮಾಡಿ, ರಾಜ್ಯವಾಳುವವರು, ರೋಗಿಗಳು, ಪ್ರಯಾಣಿಕರು ಎಲ್ಲರನ್ನೂ ದೇವರಿಗೆ ಒಪ್ಪಿಸಿ, ಊರೆಲ್ಲ ಸುತ್ತಿ ಮನೆಗೆ ಬರುತ್ತಿದ್ದ. ಅಷ್ಟರಲ್ಲಿ ಪಲ್ಲೆ ಆರಿರುತ್ತಿತ್ತು. ಆಯಿ ಮಾತ್ರ ‘ಎಲ್ಲಾ ಹೇಳ್ಯಾರ, ಕೇಳಿದಿಯಲ್ಲ, ಮಾಡು’ ಎಂದು ಒಂದೇ ಉಸಿರಿನಲ್ಲಿ ಮುಗಿಸುವಳು.

ಅವ್ವನ ಪಾಳಿಗಾಗಿ ನಾನು ಕಾಯುತ್ತಿದ್ದೆ. ಅವ್ವ ಅಸೂಟಿ ಎಂಬ ಹಳ್ಳಿಯವಳು. ಅಲ್ಲಿ ತನ್ನ ತಂದೆಯನ್ನು ಹೇಗೆ ‘ಯಪ್ಪಾ’ ಎಂದು ಕರೆಯುತ್ತಿದ್ದಳೋ ದೇವರನ್ನೂ ಹಾಗೆಯೇ ಕರೆಯುತ್ತಿದ್ದಳು. ಕಣ್ಣು ಮುಚ್ಚುತ್ತಿರಲಿಲ್ಲ. ಒಲೆಯ ಕಡೆ ಒಂದು ನೋಟ, ನಮ್ಮ ಕಡೆ ಒಂದು ನೋಟ, ಹೀಗೆ ಕೆಲಸದ ನಡುವೆ ಬಾಗಿಲಿಗೆ ಬಂದವರ ಜೊತೆ ಮಾತಾಡಿದ ಹಾಗೆ ಮಾತಾಡುವಳು. ಅಪ್ಪನಿಗೆ ಇದು ಸೇರುತ್ತಿರಲಿಲ್ಲ.

"ಪ್ರಾರ್ಥನಾ ಮಾಡೂಮುಂದ ಕಣ್ಣ ಮುಚ್ಚಬೇಕಂತ ಎಷ್ಟ ಸಲ ಹೇಳಬೇಕ ನಿನಗ?"

"ಕಣ್ಣ ಮುಚ್ಚಿದ್ರ ಹಾಲ ಉಕ್ಕತಾವ್ರಿ. ಹಾಲ ಉಕ್ಕಿಸಿ ನನ್ನ ಹಂತ್ಯಾಕ ಬಾ ಅಂತ ದೇವರು ಹೇಳ್ಯಾನೇನು?"

ಆಯಿ ಸೆರಗು ಬಾಯಿಗೆ ಹಚ್ಚಿಕೊಂಡು ನಗುವಳು. ಅವ್ವ ಮುಂದುವರಿಸುವಳು. ಅತ್ತೆಯ ಮಣಕಾಲು, ಗಂಡನ ಕೆಮ್ಮು, ಕರುಣಾ ಎಂದು ಹೆಸರು ಹಿಡಿದು ನನ್ನ ಲೆಕ್ಕದ ಪಾಠ, ಮಾರ್ತಿ ಹಾಸಿಗೆ ಒದ್ದೆ ಮಾಡುವುದು, ಯಾವುದನ್ನೂ ಬಿಡುತ್ತಿರಲಿಲ್ಲ. ಆ ವರ್ಷ ಅವಳು ಬಸುರಿ ಇದ್ದಳು. ಹಾಗಾಗಿ ಕೊನೆಗೆ ಇನ್ನೊಂದು ಮಾತು ಸೇರಿಕೊಂಡಿತ್ತು, ‘ಹೊಟ್ಟ್ಯಾಗಿಂದು ಚಲೋ ಇರ್ಲಿ’ ಎಂದು. ಅದನ್ನು ಹೇಳುವಾಗ ಮಾತ್ರ ಅವಳ ದನಿ ಇಳಿದು, ಮುಂದೆ ಏನನ್ನೋ ತುಟಿಯೊಳಗೇ ಹೇಳಿಕೊಳ್ಳುತ್ತಿದ್ದಳು. ನಮಗೆ ಕೇಳಿಸುತ್ತಿರಲಿಲ್ಲ. ಆಮೇಲೆ ದನಿ ಏರಿಸಿ ‘ನಾ ಕೇಳೂದು ಭಾಳ ಅಲ್ಲ ನೋಡು, ಆಮೆನ್’ ಎನ್ನುವಳು. ಆಗ ನನಗೆ, ಅವ್ವ ಮಾತಾಡಿದ್ದು ಯಾರಿಗೋ ತಲುಪಿತು ಎಂದು ಖಾತ್ರಿ ಅನ್ನಿಸುತ್ತಿತ್ತು. ನನ್ನ ಪ್ರಾರ್ಥನೆ ಮಾಳಿಗೆಯವರೆಗೆ ಹೋಗಿ ವಾಪಸ್ಸು ಬೀಳುತ್ತಿತ್ತು, ಅವ್ವನದು ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು.

ಸೀತೆನಿಯ ದಿನಗಳು ಬಂದವು. ಎಳೆ ಜೋಳದ ತೆನೆ ಸುಟ್ಟ ವಾಸನೆ ಊರ ಹೊರಗಿನ ಹೊಲಗಳಿಂದ ಓಣಿಯವರೆಗೂ ಬರುತ್ತಿತ್ತು. ಅದೇ ವರ್ಷ ಕೋಟೆ ಗುಡ್ಡದ ಆಚೆ ಗಾಳಿಯಂತ್ರಗಳನ್ನು ಹೊಸದಾಗಿ ನೆಡುತ್ತಿದ್ದರು. ಬಿಳಿಯ ದೊಡ್ಡ ರೆಕ್ಕೆಗಳು ನಿದ್ದೆಗಣ್ಣಿನಲ್ಲಿ ತಿರುಗಿದಂತೆ ತಿರುಗುತ್ತಿದ್ದವು. ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟ ಉಂಡು ಮನೆಗೆ ಬಂದು ಮಾಳಿಗೆ ಏರಿ ನಾನು ಅವನ್ನೇ ನೋಡುತ್ತಿದ್ದೆ. ಹಾಗೆ ನೋಡುತ್ತಿದ್ದ ಒಂದು ದಿನವೇ ಕೆಳಗೆ ಅವ್ವ ನರಳಿದ್ದು ಕೇಳಿಸಿತು. ದಿನ ಇನ್ನೂ ತುಂಬಿರಲಿಲ್ಲ. ಅಪ್ಪ ಓಡಿ ಟಂಟಂ ಗಾಡಿ ತಂದ. ಅವ್ವನನ್ನು ರೋಣದ ದವಾಖಾನೆಗೆ ಕರೆದುಕೊಂಡು ಹೋದರು. ಆಯಿ ಜೊತೆಗೆ ಹೋದಳು. ನಮ್ಮಿಬ್ಬರನ್ನೂ ಖಾಜಾಬಿ ಚಿಗವ್ವ ತನ್ನ ಮನೆಯಲ್ಲಿ ಮಲಗಿಸಿಕೊಂಡು, ತಲೆ ನೇವರಿಸುತ್ತ ತನಗೆ ಬಂದ ಭಾಷೆಯಲ್ಲಿ ಏನೋ ದುವಾ ಮಾಡುತ್ತಿದ್ದಳು.

ಅವ್ವ ಮರಳಿ ಬಂದಳು. ಕೂಸು ಬರಲಿಲ್ಲ. ಉಸಿರಿಲ್ಲದೆ ಹುಟ್ಟಿತ್ತಂತೆ. ಅಪ್ಪ ಅಲ್ಲಿಯೇ ಮಣ್ಣು ಮಾಡಿ ಬಂದಿದ್ದ. ಗಂಡೋ ಹೆಣ್ಣೋ ಎಂದು ನಮಗೆ ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನಮಗೂ ಇರಲಿಲ್ಲ. ಓಣಿಯ ಹೆಂಗಸರು ಬಂದು ಕೂತು, ‘ದೇವರು ಕೊಟ್ಟ, ದೇವರು ಒಯ್ದ’ ಎಂದು ತಮ್ಮ ತಮ್ಮ ದೇವರ ಹೆಸರಿನಲ್ಲಿ ಸಮಾಧಾನ ಹೇಳಿ ಎದ್ದುಹೋದರು. ಅವ್ವ ಗೋಡೆಗೆ ಒರಗಿ ಕೇಳಿಸಿಕೊಂಡಳು. ಅಳಲಿಲ್ಲ. ಎದೆಗೆ ಹಾಲು ಬಂದು ಅವಳ ಕುಬುಸ ಒದ್ದೆಯಾಗಿತ್ತು. ಆಯಿ ಹಳೆಯ ಅರಿವೆ ಹರಿದು ಬಿಗಿಯಾಗಿ ಕಟ್ಟಿದಳು. ಅದನ್ನು ಕಟ್ಟುವಾಗ ಆಯಿ ಅತ್ತಳು.

ಅವ್ವ ಎದ್ದು ಓಡಾಡತೊಡಗಿದ ಮೊದಲ ಸಂಜೆ ಎಂದಿನಂತೆ ಚಾಪೆ ಹಾಸಿದಳು, ತಾಟು ಇಟ್ಟಳು. ಮಾರ್ತಿಯದು ಮುಗಿಯಿತು, ನನ್ನದು ಮುಗಿಯಿತು. ಅವ್ವನ ಪಾಳಿ ಬಂತು. ಅವ್ವ ಬುಟ್ಟಿಯನ್ನೇ ನೋಡುತ್ತ ಸುಮ್ಮನೆ ಕೂತಳು. ಅಪ್ಪ ಒಂದು ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿಕೊಂಡು, ಕೊನೆಗೆ ತನ್ನದನ್ನು ಶುರುಮಾಡಿದ. ಎಲ್ಲ ಮುಗಿದ ಮೇಲೆ ಅವ್ವ ಎಲ್ಲರಿಗೂ ಬಡಿಸಿ, ತನ್ನ ತಾಟನ್ನು ಬೋರಲು ಹಾಕಿ ಎದ್ದಳು.

"ಯಾಕವ್ವಾ, ನೀ ಉಣ್ಣಂಗಿಲ್ಲೇನು?" ಎಂದಳು ಆಯಿ.

"ನಾ ಮಾತಾಡಿಲ್ರಿ ಅತ್ತಿ. ಮಾತಾಡದವರಿಗೆ ರೊಟ್ಟಿ ಇಲ್ಲ. ಮಾವನೋರು ಮಾಡಿದ ನೇಮ ನನ್ನ ಸಲುವಾಗಿ ಮುರಿಬ್ಯಾಡ್ರಿ."

ಮರುದಿನವೂ ಅದೇ. ಅದರ ಮರುದಿನವೂ ಅದೇ. ಅವ್ವ ಪಾಳಿಗೆ ತಪ್ಪದೆ ಬಂದು ಕೂರುವಳು, ತುಟಿ ಬಿಚ್ಚುತ್ತಿರಲಿಲ್ಲ, ಒಂದು ತಂಬಿಗೆ ನೀರು ಕುಡಿದು ಏಳುವಳು. ಹಗಲಿನಲ್ಲಿಯೂ ಅವಳಿಗೆ ಅನ್ನ ಸೇರುತ್ತಿರಲಿಲ್ಲ, ಒಂದು ತುತ್ತು ತಿಂದರೆ ತಿಂದಳು. ಅಪ್ಪ ಮೊದಮೊದಲು ಗದರಿಸಿದ, ಆಮೇಲೆ ಬೇಡಿಕೊಂಡ. ‘ಒಂದ ಮಾತ ಹೇಳು, ಬರೇ ಆಮೆನ್ ಅನ್ನು, ಸಾಕು’ ಎಂದ. ಅವ್ವ ‘ಒಳಗ ಇಲ್ಲದ್ದು ಹ್ಯಾಂಗ ಅನ್ಲಿರಿ’ ಎಂದಳು. ಅಸೂಟಿಯವರ ಹಠದ ಬಗ್ಗೆ ಅಪ್ಪ ಮೊದಲಿನಿಂದಲೂ ಚೇಷ್ಟೆ ಮಾಡುತ್ತಿದ್ದ, ಅಲ್ಲಿಯ ಎತ್ತು ಸಹ ಕೇಳಿದಾಗ ಏಳುವುದಿಲ್ಲ, ತನಗೆ ಅನ್ನಿಸಿದಾಗ ಏಳುತ್ತದೆ ಎಂದು. ಈಗ ಚೇಷ್ಟೆ ಮಾಡುವವರು ಯಾರೂ ಇರಲಿಲ್ಲ. ಒಂದು ದಿನ ಅಪ್ಪನಿಗೂ ಆಯಿಗೂ ಮಗ್ಗದ ಪಕ್ಕದಲ್ಲಿಯೇ ಜಗಳ ಹತ್ತಿತು. ನಾನು ಹಾಸಿನ ಕೆಳಗೆ ಮಲಗಿ ಎಲ್ಲ ಕೇಳಿಸಿಕೊಂಡೆ.

"ದುಃಖ ಆಕಿಗೊಬ್ಬಾಕಿಗೇನು? ನನಗಿಲ್ಲೇನು? ನನ್ನ ಕೈಯಾರೆ ಮಣ್ಣ ಹಾಕಿ ಬಂದೇನಿ. ಹಂಗಂತ ದೇವರಿಗೆ ಬೆನ್ನ ತಿರುಗಸೂದೇನು?"

"ಬೆನ್ನ ಎಲ್ಲೆ ತಿರುಗಸ್ಯಾಳೋ? ದಿನಾ ಬಂದ ಕುಂಡ್ರತಾಳಲ್ಲ. ಆಕಿ ಸಿಟ್ಟ ಮಾಡ್ಯಾಳ. ಸಿಟ್ಟ ಮಾಡಾಕೂ ಸಲಿಗಿ ಬೇಕಪ್ಪಾ. ಹಾದ್ಯಾಗ ಹೋಗವರ ಮ್ಯಾಲ ಯಾರರ ಮಾತ ಬಿಡತಾರೇನು?"

"ದೇವರ ಮ್ಯಾಲ ಸಿಟ್ಟ ಮಾಡೂದು ಪಾಪ ಅಲ್ಲೇನು?"

"ಪಾಪ ಅನ್ನೂದಾದ್ರ ನಾ ಎಂದೋ ನರಕದಾಗ ರೊಟ್ಟಿ ಬಡಿಯಾಕತ್ತಿರತಿದ್ದೆ."

ಅಪ್ಪ ನಗಲಿಲ್ಲ. ಅವನ ಕೈ ಹಗ್ಗದ ಮೇಲೆ ಇತ್ತು, ಜಗ್ಗಲಿಲ್ಲ. ಹಾಸಿನ ಎಳೆಗಳ ಸಂದಿಯಿಂದ ಅವನ ಮುಖ ಗೆರೆಗೆರೆಯಾಗಿ ಕಾಣುತ್ತಿತ್ತು. ಅವನು ದೇವರ ಸಲುವಾಗಿ ಜಗಳವಾಡುತ್ತಿಲ್ಲ, ಅವ್ವ ಸತ್ತುಹೋಗುತ್ತಾಳೆಂದು ಹೆದರಿದ್ದಾನೆ ಎಂದು ಆ ಗೆರೆಗಳಲ್ಲಿ ನನಗೆ ಕಂಡಿತು. ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಿಂಗಳಿಗೊಮ್ಮೆ ರೋಣದಿಂದ ಬಸ್ಸಿನಲ್ಲಿ ನಮ್ಮ ಸಭಾಪಾಲಕರು ಬರುತ್ತಿದ್ದರು. ಅವರನ್ನು ನಾವೆಲ್ಲ ಅಯ್ನೋರು ಎನ್ನುತ್ತಿದ್ದೆವು. ಊರಿನಲ್ಲಿ ನಮಗೆ ಗುಡಿ ಇರಲಿಲ್ಲ. ಬೆರಳೆಣಿಕೆಯ ಮನೆಗಳವರು ಯಾರದಾದರೂ ಪಡಸಾಲೆಯಲ್ಲಿ ಕೂಡಿ ಆರಾಧನೆ ಮಾಡುತ್ತಿದ್ದೆವು. ಆ ಸಲ ಅಯ್ನೋರು ನೇರವಾಗಿ ನಮ್ಮ ಮನೆಗೇ ಬಂದು ಇದ್ದೊಂದು ಕುರ್ಚಿಯಲ್ಲಿ ಕೂತರು. ಅಪ್ಪ ಎಲ್ಲ ಹೇಳಿದ. ಅವರು ಅವ್ವನ ಕಡೆ ತಿರುಗಿ, ದೇವರ ಚಿತ್ತ ನಮಗೆ ತಿಳಿಯುವುದಿಲ್ಲ, ಆತನು ಪ್ರೀತಿಸುವವರನ್ನೇ ಶೋಧಿಸುತ್ತಾನೆ ಎಂದು ನಿಧಾನವಾಗಿ ವಿವರಿಸಿದರು. ಒಳ್ಳೆಯ ಮನುಷ್ಯ, ಬಲವಾದ ದನಿ. ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಚಹಾದ ಬಟ್ಟಲು ಮುಂದೆ ಹಿಡಿದಳು.

"ಸಕ್ಕರಿ ಸಾಕೇನ್ರಿ ಅಯ್ನೋರ?"

ಅಷ್ಟೇ. ಅಯ್ನೋರು ಚಹಾ ಕುಡಿದು, ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಪ್ಪನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

"ಒತ್ತಾಯ ಮಾಡಬ್ಯಾಡ್ರಿ. ನಾ ಹೇಳಿದ್ದು ಇವತ್ತ ನನ್ನ ಕಿವಿಗೇ ಸರಿ ಅನ್ನಸಲಿಲ್ಲ."

ಖಾಜಾಬಿ ಚಿಗವ್ವ ಮಾತ್ರ ಮಾತು ಸುತ್ತಿ ಬಳಸುವವಳಲ್ಲ. ಹಿತ್ತಲ ಗೋಡೆಯ ಮೇಲಿಂದ ಆಯಿಗೆ ಹೇಳಿಯೇಬಿಟ್ಟಳು.

"ನಿಮ್ಮ ಸೊಸಿ ಕುಬಸ ನೋಡೀರಿಲ್ಲೋ? ಗೂಟಕ್ಕ ಹಾಕಿದಂಗ ಜೋತಾಡಾಕತ್ತೈತಿ. ಹಸಿ ಬಾಣಂತಿ ಹಿಂಗ ರಾತ್ರಿ ಉಪಾಸ ಬಿದ್ರ ಎಷ್ಟ ದಿನ ತಡಿತಾಳ?"

ಪಾತ್ರೆ ತಿಕ್ಕುತ್ತ ಕೂತಿದ್ದ ನನ್ನ ಕೈಯಲ್ಲಿ ಬೂದಿ ಹಾಗೇ ಉಳಿಯಿತು. ಅವತ್ತು ಮಧ್ಯಾಹ್ನವೆಲ್ಲ ನಾನು ಯೋಚನೆ ಮಾಡಿದೆ. ನೇಕಾರರ ಮನೆಯ ಮಕ್ಕಳು ಹೇಗೆ ಯೋಚಿಸುತ್ತಾರೋ ಹಾಗೆ. ಅಪ್ಪನಿಗೆ ಜ್ವರ ಬಂದ ದಿನ ಅವ್ವ ಕುಣಿಗೆ ಇಳಿದು ಕೂರುತ್ತಿದ್ದಳು. ಅಪ್ಪ ನಿಲ್ಲಿಸಿದ ಎಳೆಯಿಂದಲೇ ಶುರುಮಾಡಿ, ಅಪ್ಪ ಹೊಡೆಯುವಷ್ಟೇ ಬಿಗಿಯಾಗಿ ಅಡ್ಡ ಎಳೆಯ ಹೊಕ್ಕನ್ನು ಹೊಡೆಯುತ್ತಿದ್ದಳು. ಎಲ್ಲಿ ಅಪ್ಪನ ಕೈ ನಿಂತು ಎಲ್ಲಿ ಅವ್ವನ ಕೈ ಹತ್ತಿತು ಎಂದು ಸೀರೆ ಒಯ್ಯುವ ಸಾಹುಕಾರನಿಗೂ ಗೊತ್ತಾಗುತ್ತಿರಲಿಲ್ಲ. ‘ಎದ್ದವರ ಜಾಗಾದಾಗ ಇನ್ನೊಬ್ಬರು ಕುಂಡ್ರಬೇಕು, ಮಗ್ಗ ತಣ್ಣಗಾಗಬಾರದು’ ಎಂಬುದು ಆಯಿಯ ಮಾತು. ಹಾಗಿದ್ದರೆ ಪಾಳಿಯೂ ಹಾಗೆಯೇ ಅಲ್ಲವೇ? ಅವ್ವನಿಗೆ ಆಗುತ್ತಿಲ್ಲ. ಅವಳ ಜಾಗದಲ್ಲಿ ನಾನು ಕೂತು, ಅವಳು ಹೇಗೆ ಹೇಳುತ್ತಿದ್ದಳೋ ಹಾಗೆಯೇ ಬಿಗಿಯಾಗಿ, ಒಂದು ಎಳೆಯೂ ತಪ್ಪದಂತೆ ಹೇಳಿದರೆ ಅವ್ವನ ಪಾಳಿ ಮುಗಿದಂತೆ. ಪಾಳಿ ಮುಗಿದರೆ ಅವ್ವ ಉಣ್ಣಬಹುದು. ಇಷ್ಟು ಸರಳವಾದದ್ದು ದೊಡ್ಡವರಿಗೆ ಏಕೆ ಹೊಳೆಯಲಿಲ್ಲ ಎಂದು ನನಗೆ ಆಶ್ಚರ್ಯವಾಯಿತು. ಮಾಳಿಗೆಯ ಮೇಲೆ ಕೂತು, ತಿರುಗುವ ಬಿಳಿ ರೆಕ್ಕೆಗಳನ್ನು ನೋಡುತ್ತ, ಅವ್ವನ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಹೇಳಿ ನೋಡಿದೆ. ಪೂರ್ತಿ ಬಂತು.

ಸಂಜೆಯಾಯಿತು. ಚಾಪೆ, ತಾಟು, ಬುಟ್ಟಿ. ಅವ್ವನ ತಾಟು ಈಗ ಮೊದಲೇ ಬೋರಲು. ಒಲೆಯ ಮೇಲೆ ಹಾಲು. ಮಾರ್ತಿ ತನ್ನ ರೊಟ್ಟಿ ಕೇಳಿ ಆಮೆನ್ ಅಂದಳು. ನಾನು ಗಿಳಿಪಾಠ ಒಪ್ಪಿಸಿದೆ. ಅವ್ವ ಸುಮ್ಮನಿದ್ದಳು. ಅಪ್ಪ ಗಂಟಲು ಸರಿಮಾಡಿಕೊಳ್ಳುವ ಮೊದಲೇ ನಾನು ಶುರುಮಾಡಿದೆ. ಕಣ್ಣು ಮುಚ್ಚಲಿಲ್ಲ, ಅವ್ವನ ಹಾಗೆ ಒಲೆಯ ಕಡೆ ನೋಡುತ್ತ, ಅವ್ವನ ದನಿಯಲ್ಲಿ.

"ಯಪ್ಪಾ, ಇವತ್ತಿನ ದಿನಾ ದಾಟಿಸಿದಿ, ಚಲೋ ಆತು. ಅತ್ತಿಯವರ ಮಣಕಾಲ ನೋಡು. ಇವರ ಕೆಮ್ಮು ಕಡಿಮಿ ಮಾಡು. ಕರುಣಾಗ ಲೆಕ್ಕ ತಲಿಗೆ ಹತ್ತಲಿ. ಮಾರ್ತಿ ಹಾಸಿಗಿ ಹಸಿ ಮಾಡೂದು ಬಿಡಸು. ಹೊಟ್ಟ್ಯಾಗಿಂದು ಚಲೋ ಇರ್ಲಿ..."

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೆ ಅರ್ಥವಾಯಿತು. ಒಂದು ಎಳೆಯೂ ತಪ್ಪಬಾರದೆಂದು ಹೊರಟವಳು ನಾನು. ಅಪ್ಪ ಉಸಿರು ಒಳಗೆ ಎಳೆದುಕೊಂಡದ್ದು ಕೇಳಿಸಿತು. ಆಯಿಯ ಕೈ ನನ್ನ ತೊಡೆಯನ್ನು ಗಟ್ಟಿಯಾಗಿ ಹಿಡಿಯಿತು. ಕೊನೆಯ ಮಾತು, ‘ನಾ ಕೇಳೂದು ಭಾಳ ಅಲ್ಲ’ ಎಂಬುದು, ಹೇಳದೆಯೇ ಉಳಿಯಿತು. ಖೋಲಿ ನೀರಿನಡಿಗೆ ಹೋದ ಹಾಗೆ ಆಯಿತು. ಎಲ್ಲರ ಮುಖಗಳೂ ದೂರ ದೂರ ತೇಲುತ್ತಿದ್ದವು. ನಾನು ಅವ್ವನ ಕಡೆ ನೋಡಲಾರದೆ ನೋಡಿದೆ. ಅವ್ವ ನನ್ನನ್ನು ನೋಡುತ್ತಿರಲಿಲ್ಲ. ಒಲೆಯ ಮೇಲುಗಡೆ, ಹೊಗೆ ಹಿಡಿದು ಕಪ್ಪಾದ ಗೋಡೆಯ ಕಡೆ, ಅಲ್ಲಿ ಯಾರೋ ನಿಂತಿದ್ದಾರೆಂಬಂತೆ ನೋಟ ನೆಟ್ಟಿದ್ದಳು.

"ಕೇಳಿಸ್ತೇನು ನಿನಗ? ಯಪ್ಪಾ, ಕೇಳಿಸ್ತಿಲ್ಲೋ? ಇದನ್ನ ನಾ ದಿನಾ ಹೇಳತಿದ್ದೆ. ಒಂದ ದಿನಾ ಬಿಟ್ಟಿಲ್ಲ. ಈ ಹುಡಿಗಿಗೆ ಬಾಯಿಪಾಠ ಆಗೇತಿ, ನಿನಗ ಆಗಲಿಲ್ಲೇನು?"

ಮೊದಲು ಮೆಲ್ಲಗಿದ್ದ ದನಿ ಏರುತ್ತ ಹೋಯಿತು. ಅಪ್ಪ ಕಣ್ಣು ತೆರೆದಿದ್ದ. ಪ್ರಾರ್ಥನೆಯ ಹೊತ್ತಿನಲ್ಲಿ ಅವನ ಎರಡೂ ಕಣ್ಣು ತೆರೆದದ್ದು ಅವತ್ತೇ.

"ನಾ ಏನ ಭಾಳ ಕೇಳಿದ್ದೆ? ಬಂಗಾರ ಕೇಳಿದ್ನೇನು, ಹೊಲ ಕೇಳಿದ್ನೇನು? ಕೂಸಿಗೆ ಒಂದ ಹೆಸರ ತಗದ ಇಟ್ಟಿದ್ದೆ. ಇವರಿಗೆ ಹೇಳಿದ್ದಿಲ್ಲ, ಅತ್ತಿಯವರಿಗೆ ಹೇಳಿದ್ದಿಲ್ಲ, ನನ್ನ ಹಡದವ್ವಗ ಹೇಳಿದ್ದಿಲ್ಲ. ನಿನಗೊಬ್ಬಗ ಹೇಳಿದ್ದೆ. ದಿನಾ ಸಂಜಿಕ ನಿನ್ನ ಕಿವ್ಯಾಗ ಹೇಳಿದ್ದೆ. ಹೆಸರ ಗೊತ್ತಿದ್ದೂ ಒಯ್ದಿಯಲ್ಲೋ. ನಾ ಮಾರಿ ಸೈತ ಸರಿ ನೋಡಲಿಲ್ಲ. ಈಗ ಆ ಹೆಸರ ಹಿಡದ ನಾ ಯಾರನ್ನ ಕರೀಲಿ? ನಿನ್ನ ಹಂತ್ಯಾಕ ಇದ್ರ ನೀನರ ಕರಿ. ಅದೇ ಹೆಸರಲೇ ಕರಿ. ಬ್ಯಾರೆ ಹೆಸರ ಇಡಬ್ಯಾಡ, ಹೇಳಿರತೇನಿ ನಿನಗ."

ಹಾಲು ಉಕ್ಕಿ ಒಲೆಗೆ ಬಿದ್ದು ಚುಯ್ ಎಂದಿತು. ಯಾರೂ ಏಳಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಕಣ್ಣೀರು ನಿಂತಿರಲಿಲ್ಲ, ದನಿ ಮಾತ್ರ ಇದ್ದಕ್ಕಿದ್ದಂತೆ ಎಂದಿನ ದನಿಯಾಯಿತು.

"ನಂದಾತು. ಈಗ ನಿನ್ನ ಪಾಳಿ. ಹೇಳು."

ಆಮೆನ್ ಅನ್ನಲಿಲ್ಲ. ಅಪ್ಪನಿಗೆ ದಿಕ್ಕು ತಪ್ಪಿತು. ನಡೆದುಹೋದದ್ದನ್ನು ಹೇಗಾದರೂ ಮಾಡಿ ಮುಚ್ಚಬೇಕೆಂಬಂತೆ ‘ಕರುಣಾಮಯನಾದ ತಂದೆಯೇ, ಈ ನಿನ್ನ ಮಗಳನ್ನು ಕ್ಷಮಿಸಿ’ ಎಂದು ಶುರುಮಾಡಿದ. ಆಯಿ ಕೈ ಎತ್ತಿದಳು.

"ಸುಮ್ಮ ಕುಂಡ್ರೋ. ಪಾಳಿ ನಿಂದಲ್ಲ. ಆಕಿ ಕೊಟ್ಟದ್ದು ಅವಂಗ."

ನಾವೆಲ್ಲ ದೇವರ ಪಾಳಿ ಮುಗಿಯುವುದನ್ನು ಕಾಯುತ್ತ ಕೂತೆವು. ಆ ಹೊತ್ತನ್ನು ನಾನು ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದೇನೆ. ಕೆಲವೊಮ್ಮೆ ಅದು ನಡೆದದ್ದೇ ಕನಸಿನಲ್ಲೋ ಏನೋ ಎಂಬ ಅನುಮಾನ ಬರುತ್ತದೆ. ಹೊರಗೆ ಯಾವುದೋ ಮನೆಯ ಮಗ್ಗ ಇನ್ನೂ ನಡೆದಿತ್ತು, ಅದೂ ನಿಂತಿತು. ಬಸ್ ಸ್ಟ್ಯಾಂಡಿನಲ್ಲಿ ಶಿರೋಳದ ಕಡೆಯ ಬಸ್ಸಿಗೆ ಕಂಡಕ್ಟರ್ ಕೂಗುತ್ತಿದ್ದದ್ದು ಕೇಳಿಸಿತು, ಅದೂ ಹೋಯಿತು. ಮಾರ್ತಿ ಆಯಿಯ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಸುಟ್ಟ ಹಾಲಿನ ವಾಸನೆ ಖೋಲಿಯ ತುಂಬ ತುಂಬಿತ್ತು. ಒಲೆಯ ಕೆಂಡ ಒಮ್ಮೆ ಹೊಳೆದು ಒಮ್ಮೆ ಮಂಕಾಗುತ್ತಿತ್ತು. ಏನೂ ಆಗಲಿಲ್ಲ. ಆದರೆ ನನ್ನ ಬದುಕಿನಲ್ಲಿ ಮೊದಲ ಸಲ, ನಮ್ಮ ಐದು ಜನರಲ್ಲದೆ ಇನ್ನೊಬ್ಬರು ಆ ಖೋಲಿಯಲ್ಲಿ ಕೂತಿದ್ದಾರೆಂದು ನನಗೆ ಅನ್ನಿಸಿತು. ಬೈಸಿಕೊಂಡು, ತಲೆ ತಗ್ಗಿಸಿ, ಎದ್ದುಹೋಗದೆ ಕೂತಿದ್ದಾರೆಂದು. ನನಗೆ ಭಯವಾಗಲಿಲ್ಲ. ಅಳು ಬಂತು, ಅತ್ತೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಅವ್ವ ಕೈ ಚಾಚಿ ಬೋರಲು ಹಾಕಿದ್ದ ತನ್ನ ತಾಟನ್ನು ಮಗುಚಿ ಇಟ್ಟಳು. ಬುಟ್ಟಿಯ ಅರಿವೆ ಸರಿಸಿ ರೊಟ್ಟಿ ತೆಗೆದು ನಮಗೆಲ್ಲ ಹಾಕಿ ತನಗೂ ಒಂದು ಹಾಕಿಕೊಂಡಳು. ಆಯಿ ಪಲ್ಲೆ ಬಡಿಸಿದಳು. ಅವ್ವ ಮುರಿದು ತಿಂದಳು. ಕಣ್ಣೀರು ತುತ್ತಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ, ತಿನ್ನುವುದನ್ನು ನಿಲ್ಲಿಸಲೂ ಇಲ್ಲ. ಅಪ್ಪನೂ ಆಯಿಯೂ ಅವತ್ತು ಪಾಳಿ ಇಲ್ಲದೆಯೇ ಉಂಡರು. ನೇಮ ಮುರಿಯಿತೆಂದು ಯಾರೂ ಅನ್ನಲಿಲ್ಲ.

ಮರುದಿನದಿಂದ ಅವ್ವ ಸಮಾಧಾನವಾಗಿಬಿಟ್ಟಳು ಎಂದು ಬರೆದರೆ ಸುಳ್ಳಾಗುತ್ತದೆ. ಜಗಳ ಬಹಳ ದಿನ ನಡೆಯಿತು. ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಅವಳು ದೇವರ ಜೊತೆ ಗುದ್ದಾಡುವಳು. ಒಂದು ದಿನ ಬೈಗುಳ, ಒಂದು ದಿನ ಬರೇ ನಿಟ್ಟುಸಿರು, ಒಂದು ದಿನ ‘ಹೋಗ್ಲಿ ಬಿಡು’ ಎಂಬ ಒಂದೇ ಮಾತು. ಸಂಜೆಯ ಪಾಳಿ ಮಾತ್ರ ತಪ್ಪಲಿಲ್ಲ, ಊಟವೂ ತಪ್ಪಲಿಲ್ಲ. ನಿಧಾನವಾಗಿ ಕುಬುಸ ಮೈಗೆ ಸರಿಯಾಯಿತು. ಮನೆಯಲ್ಲಿ ಯಾರೂ ಗೊತ್ತುಮಾಡದೆಯೇ ಒಂದು ಪಾಳಿ ಹೆಚ್ಚಾಯಿತು. ಆಯಿಯದು ಮುಗಿದ ಮೇಲೆ ಎಲ್ಲರೂ ಸ್ವಲ್ಪ ಹೊತ್ತು ಮಾತಿಲ್ಲದೆ ಕೂತಿರುತ್ತಿದ್ದೆವು. ಅಪ್ಪನೂ ತನ್ನ ಪ್ರಾರ್ಥನೆಯಿಂದ ರಾಜ್ಯವಾಳುವವರನ್ನು ಕೈಬಿಟ್ಟು, ಆ ಸುಮ್ಮನಿರುವ ಹೊತ್ತಿಗೆ ಜಾಗ ಮಾಡಿಕೊಟ್ಟ. ನನ್ನ ಗಿಳಿಪಾಠವೂ ಹೋಯಿತು. ನನಗೆ ಹೇಳಲು ಏನೂ ಇಲ್ಲದ ದಿನ ‘ಇವತ್ತ ಏನೂ ಇಲ್ಲ’ ಎನ್ನುವುದನ್ನು ಕಲಿತೆ. ಆಮೇಲಿನ ವರ್ಷಗಳಲ್ಲಿ ನಾನು ದೇವರ ಜೊತೆ ಸಾಕಷ್ಟು ಸಲ ಮಾತು ಬಿಟ್ಟಿದ್ದೇನೆ, ಸಾಕಷ್ಟು ಸಲ ಮರಳಿದ್ದೇನೆ. ಮಾತು ಬಿಟ್ಟಾಗಲೂ ಚಾಪೆಯಿಂದ ಎದ್ದುಹೋಗಲಿಲ್ಲ. ಅದು ಅವ್ವನಿಂದ ಬಂದದ್ದು. ಆ ಕೂಸಿನ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವುದು ಸರಿಯಲ್ಲವೆಂದು ಕೇಳಿಲ್ಲ.

ಕೇಳಿದ್ದು ಇನ್ನೊಂದನ್ನು. ನಾನು ಸಭೆಯ ಮುಂದೆ ನಿಂತು ನಂಬಿಕೆಯನ್ನು ನನ್ನ ಬಾಯಿಂದ ಒಪ್ಪಿಕೊಳ್ಳುವ ವಯಸ್ಸಿಗೆ ಬಂದಿದ್ದೆ. ದೇವರು ನಿನ್ನ ಜೊತೆ ಮಾತಾಡುತ್ತಾನೆಯೇ ಎಂದು ಅಯ್ನೋರು ಕೇಳಿದ್ದಕ್ಕೆ ಏನು ಹೇಳಬೇಕೆಂದು ತೋಚದೆ ಮನೆಗೆ ಬಂದಿದ್ದೆ. ಮಧ್ಯಾಹ್ನ. ಅವ್ವ ರಾಟೆ ತಿರುಗಿಸುತ್ತಿದ್ದಳು.

"ಅವ್ವಾ, ಅವತ್ತ ನೀ ದೇವರಿಗೆ ಪಾಳಿ ಕೊಟ್ಟಿದ್ದಿಯಲ್ಲ. ಅವಾ ಏನರ ಅಂದನೇನು?"

ಅವ್ವ ಯಾವತ್ತು ಎಂದು ಕೇಳಲಿಲ್ಲ. ರಾಟೆ ನಿಲ್ಲಿಸಿದಳು.

"ಅಂದ."

"ಏನಂದ?"

"‘ನೀ ಮಾತ ಬಿಟ್ಟಾಗಿಂದ ನಾನೂ ಉಂಡಿಲ್ಲ, ಬಾರವ್ವಾ’ ಅಂದ."